ಕೋಳಿಗೂ ಕೂಸಿಗೂ ಒಂದೇ ಕಳೆಯ ಕಾಟ

ನಮ್ಮೂರಲ್ಲಿ ಮಗು ಹಾಸಿಗೆ ಹಿಡಿದರೆ ಒಂದು ಆಸ್ಪತ್ರೆ, ದನ ಮಲಗಿದರೆ ಇನ್ನೊಂದು ಆಸ್ಪತ್ರೆ. ಕೋಳಿ ಮಲಗಿದರೆ ಯಾವ ಆಸ್ಪತ್ರೆಯೂ ಇಲ್ಲ, ಸಾರಿಗೆ ಹೋಗುತ್ತದೆ. ಈ ಮೂರೂ ಒಂದೇ ಕಾರಣಕ್ಕೆ ಮಲಗಬಹುದು ಅಂತ ಯಾರೂ ಯೋಚನೆ ಮಾಡೋದಿಲ್ಲ. ಅದನ್ನು ಯೋಚನೆ ಮಾಡಬೇಕು, ಅದೂ ಮೊದಲು ನಮ್ಮಂಥ ಖುಷ್ಕಿ ರೈತರೇ ಮಾಡಬೇಕು ಅನ್ನೋದು ನನ್ನ ವಾದ. ಯಾಕೆ ಅಂತ ಹೇಳ್ತೀನಿ.

ಮಾಲೇಕಲ್ಲು ಬೆಟ್ಟದ ಬುಡದಲ್ಲಿ ನಮ್ಮದು ಮಳೆ ನಂಬಿದ ಹೊಲ. ರಾಗಿ, ಅವರೆ, ಹುರುಳಿ, ಒಂದಿಷ್ಟು ಮುಸುಕಿನ ಜೋಳ, ಬದುವಿನಲ್ಲಿ ಬದುಕಿರುವಷ್ಟು ತೆಂಗು. ಹಿತ್ತಲಲ್ಲಿ ಮನೆಯವಳು ಸಾಕುವ ಗಿರಿರಾಜ ಕೋಳಿಗಳು. ಎರಡು ವರ್ಷದ ಹಿಂದೆ ಮಾರ್ಗಶಿರದಲ್ಲಿ ಮನೆಯ ಜೋಳ ಮುಗಿದು, ಕೋಳಿಗೆ ಅಂತ ಕಡಿಮೆ ಬೆಲೆಯ ಅರ್ಧ ಚೀಲ ಜೋಳ ಹೊರಗಿಂದ ತಂದೆವು. ಹತ್ತು ಹನ್ನೆರಡು ದಿನದಲ್ಲಿ ಇಪ್ಪತ್ತೆರಡು ಕೋಳಿಯಲ್ಲಿ ಹನ್ನೊಂದು ಮಲಗಿದವು. ಕಣ್ಣು ಚುರುಕಾಗಿತ್ತು. ಕಾಳು ಮುಂದಿಟ್ಟರೆ ಕುಕ್ಕುತ್ತಿದ್ದವು. ಆದರೆ ಕಾಲು ಎತ್ತಲು ಆಗುತ್ತಿರಲಿಲ್ಲ, ತೊಡೆ ಅಗಲಿಸಿಕೊಂಡು ಕೂತಲ್ಲೇ ಕೂತಿರುತ್ತಿದ್ದವು.

ಕೇಳಿದವರೆಲ್ಲ ಕೊಕ್ಕರೆ ರೋಗ ಅಂದರು. ಲಸಿಕೆ ಹಾಕಿಸಿತ್ತಲ್ಲ ಅಂದರೆ, ಹಾಗಾದರೆ ಲಸಿಕೆ ಹಿಡಿದಿಲ್ಲ ಅಂದರು. ಒಂದನ್ನು ಕೊಯ್ದು ನೋಡಿ ಅಂತ ಕೇಳಿಕೊಂಡೆ. ಒಂದು ಕೋಳಿಗೆ ಅಷ್ಟೆಲ್ಲ ಯಾಕೆ ಅಂತ ಒಂದು ಪುಡಿ ಕೊಟ್ಟು ಕಳಿಸಿದರು. ಮನೆಗೆ ಬಂದು ನಾನೇ ಕೊಯ್ದೆ. ತೊಡೆಯ ಮಾಂಸ ಕೆಂಪಗಿರಲಿಲ್ಲ, ಬಿಸಿನೀರಲ್ಲಿ ಅದ್ದಿ ತೆಗೆದಂತೆ ಬಿಳಿಚಿಕೊಂಡಿತ್ತು. ಕೊರಳ ಚೀಲ ಬಿಚ್ಚಿದರೆ ಜೋಳದ ನುಚ್ಚಿನ ಜೊತೆ ಚಪ್ಪಟೆಯಾದ, ದುಂಡನೆಯ, ಕಂದು ಬಣ್ಣದ ಬೀಜಗಳು. ಚೀಲದಲ್ಲಿ ಉಳಿದಿದ್ದ ಜೋಳವನ್ನು ಮೊರಕ್ಕೆ ಹಾಕಿದಾಗ ಒಂದು ಹಿಡಿಯಷ್ಟು ಅದೇ ಬೀಜ ಸಿಕ್ಕಿತು. ಆ ಬೀಜ ನಮಗೆ ಹೊಸದಲ್ಲ. ರಸ್ತೆ ಬದಿ, ತಿಪ್ಪೆ ಹಿಂದೆ, ಬೀಳು ಹೊಲದಲ್ಲಿ ಸೊಂಟದೆತ್ತರ ಬೆಳೆಯುವ ದೊಡ್ಡ ತಗಚೆಯದು. ಆ ಜೋಳ ನಿಲ್ಲಿಸಿ ರಾಗಿ, ನುಚ್ಚಕ್ಕಿ ಹಾಕಿದ ಮೇಲೆ ಮಲಗಿದ್ದರಲ್ಲಿ ನಾಲ್ಕು ಎದ್ದವು. ಉಳಿದವು ಹೋದವು.

ನಮ್ಮಣ್ಣನ ಮಗಳು ಪಶುವೈದ್ಯ ಓದ್ತಾ ಇದ್ದಾಳೆ. ಬೀಜ ಕಾಗದದಲ್ಲಿ ಕಟ್ಟಿ ಅವಳ ಕೈಗೆ ಕೊಟ್ಟೆ. ಒಂದು ವಾರ ಬಿಟ್ಟು ಫೋನು ಮಾಡಿ, “ಚಿಕ್ಕಪ್ಪ, ಇದರ ವಿಷಯ ನಮ್ಮ ಪುಸ್ತಕದಲ್ಲಿ ಎಂದೋ ಬರೆದಿಟ್ಟಿದ್ದಾರೆ” ಅಂದಳು. ಆಮೇಲೆ ಊರಿಗೆ ಬಂದಾಗ ಕೂತು ಓದಿ ಹೇಳಿದಳು. ನಾನು ಏಳನೇ ಕ್ಲಾಸು. ಅವಳು ಹೇಳಿದ್ದನ್ನು ಅರ್ಥವಾಗುವವರೆಗೆ ಕೇಳಿ ಬರೆದುಕೊಂಡೆ.

ಈ ಗಿಡಕ್ಕೆ ಶಾಸ್ತ್ರದ ಹೆಸರು ಕ್ಯಾಸಿಯಾ ಆಕ್ಸಿಡೆಂಟಾಲಿಸ್, ಈಗ ಸೆನ್ನಾ ಅಂತಲೂ ಕರೀತಾರೆ. ಆಯುರ್ವೇದದವರು ಕಾಸಮರ್ದ ಅನ್ನೋದು ಇದನ್ನೇ. ಅಮೆರಿಕದಲ್ಲಿ 1960ರ ದಶಕದಲ್ಲೇ ಇದನ್ನು ತಿಂದ ದನಗಳು ಮಲಗಿದ್ದನ್ನು ಪಶುವೈದ್ಯರು ಕಂಡಿದ್ದರು. ದನ ಎಚ್ಚರವಾಗಿರುತ್ತದೆ, ಮೇವು ತಿನ್ನುತ್ತದೆ, ಏಳಲು ಮಾತ್ರ ಆಗದು. ಗಂಜಲ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅದು ರಕ್ತವಲ್ಲ, ಕರಗಿದ ಮಾಂಸಖಂಡದ ಬಣ್ಣ ಮೂತ್ರದಲ್ಲಿ ಇಳಿಯುವುದು. ಯಾವ ಅಂಶ ಹೀಗೆ ಮಾಡುತ್ತದೆ ಅಂತ ಹುಡುಕಲು 1983ರಲ್ಲಿ ಅವರು ಪರೀಕ್ಷೆ ಮಾಡಿದ್ದು ಕೋಳಿಯ ಮೇಲೆ. 1997ರಲ್ಲಿ ಬ್ರೆಜಿಲ್ ದೇಶದವರು ಕೋಳಿಗೆ ಈ ಬೀಜ ತಿನ್ನಿಸಿ ನೋಡಿದರು. ನಮ್ಮ ಮಾಂಸಖಂಡದ ಪ್ರತಿ ಎಳೆಯೊಳಗೂ ಶಕ್ತಿ ತಯಾರಿಸುವ ಸಣ್ಣ ಸಣ್ಣ ಒಲೆಗಳಿವೆಯಂತೆ, ಮೈಟೊಕಾಂಡ್ರಿಯಾ ಅಂತ ಹೆಸರು. ಬೀಜದ ವಿಷ ಆ ಒಲೆಗಳನ್ನೇ ಕೆಡಿಸುತ್ತದೆ. ಒಲೆ ಕೆಟ್ಟ ಮೇಲೆ ತೊಡೆ ಇದ್ದೂ ಇಲ್ಲದಂತೆ.

ಇಲ್ಲಿಯವರೆಗೆ ಇದು ಕೋಳಿ ದನದ ಕಥೆ. ಮುಂದಿನದು ಮಕ್ಕಳದು.

ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ, ಬಿಜನೋರ್ ಕಡೆ, ಪ್ರತಿ ವರ್ಷ ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಹಳ್ಳಿಯ ಬಡ ಮನೆಗಳ ಪುಟ್ಟ ಮಕ್ಕಳು ಸಾಯುತ್ತಿದ್ದರು. ಬೆಳಿಗ್ಗೆ ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ವಾಂತಿ ಮಾಡಿ, ಮಂಪರು ಬಂದು, ಮೈ ಸೆಟೆದು ಪ್ರಜ್ಞೆ ತಪ್ಪುತ್ತಿತ್ತು. ಬಿದ್ದ ನಾಲ್ಕು ಮಕ್ಕಳಲ್ಲಿ ಮೂರು ಉಳಿಯುತ್ತಿರಲಿಲ್ಲ. ಸರ್ಕಾರದ ಕಡತದಲ್ಲಿ ಮೆದುಳು ಜ್ವರ ಅಂತ ಬರೆಯುತ್ತಿದ್ದರು, ಸೊಳ್ಳೆಗೆ ಹೊಗೆ ಹಾಕುತ್ತಿದ್ದರು. ಬಿಜನೋರಿನ ಮಕ್ಕಳ ವೈದ್ಯ ವಿಪಿನ್ ವಶಿಷ್ಠ, ವೆಲ್ಲೂರಿನಲ್ಲಿ ವೈರಸ್ ತಜ್ಞರಾಗಿದ್ದ ಟಿ. ಜೇಕಬ್ ಜಾನ್ ಮತ್ತು ಜೊತೆಯವರು ಇದು ಜ್ವರವೇ ಅಲ್ಲ, ಪಿತ್ತಜನಕಾಂಗ, ಮಾಂಸಖಂಡ, ಮೆದುಳು ಮೂರಕ್ಕೂ ಏಟು ಬೀಳುವ ವಿಷ ಅಂತ ಗುರುತಿಸಿದರು. ಕಾಯಿಲೆ ಬಿದ್ದ ಮಕ್ಕಳು ಏನು ತಿಂದಿದ್ದರು, ಬೀಳದ ಮಕ್ಕಳು ಏನು ತಿಂದಿದ್ದರು ಅಂತ ಮನೆಮನೆಯಲ್ಲಿ ಕೇಳಿದರು. ಆಟ ಆಡುತ್ತ ಮಕ್ಕಳು ತಿಂದಿದ್ದು ದೊಡ್ಡ ತಗಚೆಯ ಕಾಯಿ. ಹಸಿದ ಹೊಟ್ಟೆಗೆ ಅವರೆಕಾಯಿ ಬಿಡಿಸಿದಂತೆ ಬಿಡಿಸಿ ತಿಂದಿದ್ದರು. 2007ರಲ್ಲಿ ಇದು ಅಚ್ಚಾಯಿತು.

1960ರ ದಶಕಕ್ಕೂ 2007ಕ್ಕೂ ಎಷ್ಟು ವರ್ಷ? ಸುಮಾರು ನಲವತ್ತು. ಆ ನಲವತ್ತು ವರ್ಷ ಉತ್ತರ ದನದ ಡಾಕ್ಟರ ಕಪಾಟಿನಲ್ಲಿ ಕೂತಿತ್ತು, ಪ್ರಶ್ನೆ ಮಕ್ಕಳ ಡಾಕ್ಟರ ಮೇಜಿನ ಮೇಲಿತ್ತು. ಈ ಡಾಕ್ಟರು ಆ ಕಪಾಟು ತೆರೆದು ನೋಡಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ಇವತ್ತಿಗೂ ಸೊಳ್ಳೆಗೆ ಹೊಗೆ ಹಾಕುತ್ತಲೇ ಇರುತ್ತಿದ್ದರು. 2016ರಲ್ಲಿ ಒಡಿಶಾದ ಮಲ್ಕಾನಗಿರಿಯಲ್ಲಿ ಸುಮಾರು ನೂರು ಆದಿವಾಸಿ ಮಕ್ಕಳು ಸತ್ತಾಗಲೂ ಮೊದಲು ದೂರು ಹೋಗಿದ್ದು ಹಂದಿಯ ಮೇಲೆ. ಕೆಲವು ಮಕ್ಕಳಲ್ಲಿ ಮೆದುಳು ಜ್ವರದ ವೈರಸ್ ಸಿಕ್ಕಿದ್ದೂ ನಿಜ. ಆದರೆ ತಜ್ಞರ ತಂಡ ಹೋಗಿ ನೋಡಿದ ಮೇಲೆ ಆಂತ್ರಕ್ವಿನೋನ್ ಅನ್ನುವ ಈ ಗಿಡದ ವಿಷವೂ ಮಕ್ಕಳ ಮೈಯಲ್ಲಿ ಕಂಡಿತು.

ನಮ್ಮ ರಾಜ್ಯದಲ್ಲೇ ಇದಕ್ಕೆ ಎದುರಾದ ಒಂದು ಒಳ್ಳೆಯ ಮಾದರಿ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತ ಜನಕ್ಕೆ ಜ್ವರ ಬಂತು, ಅದೇ ಹೊತ್ತಿಗೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು. ಬಂದ ವಿಜ್ಞಾನಿಗಳು ಜನರನ್ನೂ ಮಂಗಗಳನ್ನೂ ಒಟ್ಟಿಗೆ ನೋಡಿದರು. ಎರಡರಲ್ಲೂ ಒಂದೇ ವೈರಸ್, ಹರಡುವುದು ಉಣ್ಣೆ ಅಂತ ಬೇಗನೆ ತಿಳಿಯಿತು. ಕಾಯಿಲೆ ಇನ್ನೂ ಹೋಗಿಲ್ಲ ಅನ್ನೋದು ಬೇರೆ ಮಾತು. ಆದರೆ ಸತ್ತ ಮಂಗ ಕಂಡರೆ ತಿಳಿಸಬೇಕು ಅನ್ನೋದು ಮಲೆನಾಡಿನ ಹುಡುಗರಿಗೂ ಗೊತ್ತು. ಬಯಲುಸೀಮೆಯ ನಮಗೆ ಮಲಗಿದ ಕೋಳಿ ಏನು ಹೇಳುತ್ತಿದೆ ಅಂತ ಕಲಿಸಿದವರಿಲ್ಲ.

ಕೋಳಿಯ ಮಾಂಸಖಂಡದ ಮೇಲೆ ಸಂಶೋಧನೆಯೇ ಇಲ್ಲ ಅಂತ ಅಂದುಕೊಳ್ಳಬೇಡಿ, ಬೇಕಾದಷ್ಟಿದೆ. ಹುಟ್ಟಿನಿಂದಲೇ ಮಾಂಸಖಂಡ ಸವೆಯುತ್ತ ಹೋಗುವ ಒಂದು ಕೋಳಿ ವಂಶ 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಿತು. ಗಂಡು ಹುಡುಗರಿಗೆ ಬರುವ ಇಂಥದೇ ಕಾಯಿಲೆಗೆ ಔಷಧ ಹುಡುಕಲು ಆ ಕೋಳಿಯನ್ನು ವರ್ಷಗಟ್ಟಲೆ ಸಾಕಿ ನೋಡಿದರು. (ನಾಲ್ಕೈದು ವರ್ಷದ ಹುಡುಗ ನೆಲದಿಂದ ಏಳುವಾಗ ತನ್ನದೇ ತೊಡೆಯ ಮೇಲೆ ಕೈ ಊರಿ ಊರಿ ಏಳುತ್ತಿದ್ದರೆ, ಮೀನಖಂಡ ದಪ್ಪವಾಗಿ ಕಾಣುತ್ತಿದ್ದರೆ, ದೃಷ್ಟಿ ತೆಗೆಸುವುದು ಬಿಟ್ಟು ಡಾಕ್ಟರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ನೋಡುವವರಿದ್ದಾರೆ.) ಕೊನೆಗೆ 2008ರಲ್ಲಿ ಜಪಾನಿನವರು ಆ ಕೋಳಿಯ ದೋಷ ಯಾವ ವಂಶವಾಹಿಯಲ್ಲಿದೆ ಅಂತ ಕಂಡುಹಿಡಿದರು. ಹುಡುಗರಲ್ಲಿ ಕೆಡುವ ವಂಶವಾಹಿಯೇ ಬೇರೆ, ಕೋಳಿಯಲ್ಲಿ ಕೆಟ್ಟಿದ್ದೇ ಬೇರೆ. ಆದರೂ ಮಾಂಸಖಂಡ ಹೇಗೆ ಸವೆಯುತ್ತದೆ ಅನ್ನೋದನ್ನು ಆ ಕೋಳಿ ಬಹಳ ಕಲಿಸಿಕೊಟ್ಟಿತು.

ಇನ್ನೊಂದು ಫಾರಂ ಕೋಳಿಯದು. ಆರು ವಾರದಲ್ಲಿ ಎರಡು ಕೆಜಿ ದಾಟುವಂತೆ, ಅದರಲ್ಲೂ ಎದೆ ತುಂಬಿ ಬರುವಂತೆ ತಳಿ ಮಾಡಿದ್ದಾರಲ್ಲ, ಸುಮಾರು 2010ರಿಂದೀಚೆಗೆ ಆ ಎದೆಯ ಮಾಂಸವೇ ಕೊರಡಿನಂತೆ ಗಟ್ಟಿಯಾಗುವ, ಬಿಳಿ ಗೆರೆ ಬೀಳುವ ತೊಂದರೆ ಪ್ರಪಂಚದ ತುಂಬ ಕಾಣಿಸಿಕೊಂಡಿದೆ. ತಿಂದವರಿಗೆ ಕೇಡಿಲ್ಲ, ಮಾರುವವರಿಗೆ ಬೆಲೆ ಇಲ್ಲ. ಆದ್ದರಿಂದ ಅದಕ್ಕೆ ಸಂಶೋಧನೆಯೂ ಇದೆ, ದುಡ್ಡೂ ಇದೆ. ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಹಿತ್ತಲ ಕೋಳಿ ಕಳೆ ಬೀಜ ತಿಂದು ಮಲಗಿದರೆ ಯಾವ ಕಂಪನಿಗೂ ನಷ್ಟವಿಲ್ಲ. ಬೀಳು ಹೊಲದಲ್ಲಿ ಕಾಯಿ ಬಿಡಿಸುವ ಕೂಸಿಗಾಗಿ ಯಾರ ಮಾರುಕಟ್ಟೆಯೂ ಅಳುವುದಿಲ್ಲ. ಅಂಥದನ್ನು ಸರ್ಕಾರವೇ ನೋಡಬೇಕು.

ಹಾಸನ ಊರೊಂದರಲ್ಲೇ ವೈದ್ಯಕೀಯ ಕಾಲೇಜಿದೆ, ಪಶುವೈದ್ಯ ಕಾಲೇಜಿದೆ, ಹತ್ತಿರದ ಕಾರೆಕೆರೆಯಲ್ಲಿ ಕೃಷಿ ಕಾಲೇಜಿದೆ. ಮೂರಕ್ಕೂ ನಮ್ಮ ತೆರಿಗೆಯ ದುಡ್ಡೇ. ನಾನು ಕೇಳುವುದು ದೊಡ್ಡ ಕಟ್ಟಡವಲ್ಲ. ತಿಂಗಳಿಗೊಂದು ದಿನ ಈ ಮೂರೂ ಕಡೆಯವರು ಒಂದೇ ಬೆಂಚಿನ ಮೇಲೆ ಕೂರಲಿ. ಈ ತಿಂಗಳು ಯಾವ ಹೋಬಳಿಯಲ್ಲಿ ಕೋಳಿ ಮಲಗಿತು, ಯಾವ ಹೋಬಳಿಯಲ್ಲಿ ಜ್ವರವಿಲ್ಲದೆ ಮಗುವಿನ ಪ್ರಜ್ಞೆ ತಪ್ಪಿತು, ಅಲ್ಲಿ ಯಾವ ಕಳೆ ಕಾಯಿ ಬಿಟ್ಟಿದೆ ಅಂತ ಮೂರು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಲಿ. ಮಾಂಸಖಂಡ ಒಡೆದಾಗ ರಕ್ತಕ್ಕೆ ಸೋರುವ ಸಿಪಿಕೆ ಅನ್ನುವ ಅಂಶ ಕೋಳಿಯಲ್ಲೂ ಅದೇ, ಮಗುವಿನಲ್ಲೂ ಅದೇ. ಇನ್ನೊಂದು, ರೈತ ಸತ್ತ ಕೋಳಿ ತಂದರೆ ಕೊಯ್ದು ನೋಡುವ ವ್ಯವಸ್ಥೆ ತಾಲೂಕಿಗೊಂದಾದರೂ ಬೇಕು. ಮಾಂಸ ಬಿಳಿಚುವುದು ತಗಚೆ ಬೀಜದಿಂದ ಮಾತ್ರವಲ್ಲ. ವಿಟಮಿನ್ ಇ, ಸೆಲೆನಿಯಂ ಕಡಿಮೆಯಾದರೂ ಹಾಗಾಗುತ್ತದೆ. ರಕ್ತಭೇದಿ ಬಾರದಿರಲಿ ಅಂತ ಫಾರಂ ಕೋಳಿ ಫೀಡಿಗೆ ಬೆರೆಸುವ ಮೊನೆನ್ಸಿನ್‌ನಂಥ ಔಷಧ ಹೆಚ್ಚಾದರೂ ಮಾಂಸಖಂಡ ಕೆಡುತ್ತದೆ. (ಮಿಕ್ಕ ಕೋಳಿ ಫೀಡನ್ನು ಎತ್ತಿಗೆ, ಕುದುರೆಗೆ ಹಾಕುವವರಿದ್ದಾರೆ. ಬೇಡ. ಕುದುರೆಯಂತೂ ಸ್ವಲ್ಪಕ್ಕೇ ಸಾಯುತ್ತದೆ.) ಯಾವುದರಿಂದ ಅಂತ ನಮ್ಮ ಕಣ್ಣಿಗೆ ಹೇಳಲಾಗದು, ಪ್ರಯೋಗಶಾಲೆ ಹೇಳಬೇಕು.

ಅಲ್ಲಿಯವರೆಗೆ ನಮ್ಮ ಕೈಲಾಗುವುದು ಗಿಡ ಗುರುತಿಸುವುದು. ಸೊಪ್ಪಿನ ಸಾರಿಗೆ ಹಾಕುವ ಸಣ್ಣ ತಗಚೆ ಬೇರೆ. ಅದರ ಒಂದು ಕಡ್ಡಿಗೆ ಮೂರೇ ಜೊತೆ ಎಲೆ, ತುದಿ ದುಂಡಗೆ, ಕಾಯಿ ಸಣ್ಣ ಕಡ್ಡಿಯಂತೆ ಬಾಗಿರುತ್ತದೆ. ದೊಡ್ಡ ತಗಚೆಗೆ ನಾಲ್ಕರಿಂದ ಆರು ಜೊತೆ ಎಲೆ, ತುದಿ ಚೂಪು, ಕೈಯಲ್ಲಿ ಉಜ್ಜಿದರೆ ಕೆಟ್ಟ ವಾಸನೆ. ಹೂ ಎರಡಕ್ಕೂ ಹಳದಿಯೇ, ಆದ್ದರಿಂದ ಹೂ ನೋಡಿ ತೀರ್ಮಾನ ಮಾಡಬೇಡಿ. ಕಾಯಿ ಚಪ್ಪಟೆ, ಗೇಣಿಗಿಂತ ಚಿಕ್ಕದು, ಸ್ವಲ್ಪ ಮೇಲಕ್ಕೆ ಬಾಗಿ ಅಂಚು ತಿಳಿ ಬಣ್ಣಕ್ಕಿರುತ್ತದೆ. ಇದರ ಬೀಜ ಹುರಿದು ಕಾಫಿ ಪುಡಿಯಂತೆ ಬಳಸುವುದು, ನಾಟಿ ಔಷಧಕ್ಕೆ ಬಳಸುವುದು ಹಿಂದಿನಿಂದ ಇದೆ. ಹುರಿದರೆ ವಿಷ ತಗ್ಗುತ್ತದೆ. ಹಸಿ ಕಾಯಿ ಪುಟ್ಟ ಮಗುವಿನ ಹೊಟ್ಟೆಗೆ ಹೋದರೆ ಆ ಲೆಕ್ಕ ನಡೆಯದು, ಇದಕ್ಕೆ ಪ್ರತ್ಯೇಕ ಮದ್ದೂ ಇಲ್ಲ. ಮಗು ವಾಂತಿ ಮಾಡಿ ಮಂಪರಾದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಒಯ್ಯಿರಿ, ಹೋಗುವಾಗ ಕಾಯಿ ಸಮೇತ ಒಂದು ಕೊಂಬೆ ಕೈಯಲ್ಲಿರಲಿ.

ಕೊಂಡು ತಂದ ಜೋಳವನ್ನು ಜರಡಿ ಹಿಡಿದೇ ಕೋಳಿಗೆ ಹಾಕಿ. ಮುಸುಕಿನ ಜೋಳದಲ್ಲಿ ಈ ಬೀಜ ಕೆಳಗೆ ಉದುರುತ್ತದೆ, ರಾಗಿಯಲ್ಲಿ ಜರಡಿ ಮೇಲೆ ಉಳಿಯುತ್ತದೆ. ಬಿಳಿ ಜೋಳದ್ದೇ ಕಷ್ಟ, ಗಾತ್ರ ಹತ್ತಿರ ಹತ್ತಿರ ಒಂದೇ. ಮೊರದಲ್ಲಿ ಕೇರುವ ಹೆಂಗಸರ ಕಣ್ಣೇ ಅದಕ್ಕೆ ಯಂತ್ರ. ಮಷೀನಿನಲ್ಲಿ ಕೊಯ್ಯುವ, ಬಡಿಯುವ ಕಾಲದಲ್ಲಿ ಹೊಲದ ಕಳೆಯೆಲ್ಲ ಚೀಲಕ್ಕೆ ಬರುತ್ತದೆ. ಕೈಯಲ್ಲಿ ತೆನೆ ಮುರಿಯುವಾಗ ಈ ತೊಂದರೆ ಇರಲಿಲ್ಲ.

ಗಿಡವನ್ನು ಕಾಯಿ ಕಟ್ಟುವ ಮುಂಚೆ ಕಿತ್ತರೆ ಮಾತ್ರ ಉಪಯೋಗ. ಮುಂಗಾರಿಗೆ ಹುಟ್ಟಿ ಶ್ರಾವಣ ಭಾದ್ರಪದಕ್ಕೆ ಹೂ ಬರುತ್ತದೆ. ಗೌರಿ ಹಬ್ಬದ ಒಳಗೆ ಅಂಗನವಾಡಿ ಸುತ್ತ, ಶಾಲೆಯ ಬೇಲಿ, ದಾರಿಯ ಎರಡೂ ಬದಿ ಕಿತ್ತು ಮುಗಿಸಬೇಕು ಅಂತ ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೀನಿ. ಅರ್ಜಿಯಲ್ಲಿ ಗಿಡದ ಹೆಸರಿಗೇ ಅರ್ಧ ಗಂಟೆ ಚರ್ಚೆಯಾಯಿತು. ನಾನು ದೊಡ್ಡ ತಗಚೆ ಅಂದರೆ ಅಲ್ಲಿದ್ದವರು ಇನ್ನೊಂದು ಅಂದರು. ಬೇಲೂರು ಕಡೆ, ಕಡೂರು ಕಡೆ, ನಿಮ್ಮೂರಲ್ಲಿ ಇದಕ್ಕೆ ಏನಂತೀರಿ, ಕೋಳಿ ದನ ತಿಂದು ಮಲಗಿದ್ದು ಕಂಡಿದ್ದೀರಾ, ಪತ್ರಿಕೆಗೆ ಎರಡು ಸಾಲು ಬರೆಯಿರಿ.