ಹೊಸ ಡಾಂಬರಿನಡಿಯ ಹಳೆಯ ಬಿರುಕು

ಬಿರುಕು ಬಿಟ್ಟ ರಸ್ತೆಗೆ ಹೊಸ ಡಾಂಬರು ಬಿದ್ದೊಡನೆ ರಸ್ತೆಯು ಗಟ್ಟಿಯಾಯಿತೆಂದು ನಾವು ಭಾವಿಸುತ್ತೇವೆ. ಆದರೆ ಎಷ್ಟೋ ಕಡೆ ಕೆಲವೇ ವರ್ಷಗಳಲ್ಲಿ, ಹಳೆಯ ಬಿರುಕು ಎಲ್ಲಿದ್ದಿತೋ ಅದರ ನೇರ ಮೇಲೆಯೇ ಹೊಸ ಬಿರುಕು ತಲೆಯೆತ್ತುವುದು. ಇಂಜಿನಿಯರುಗಳು ಇದನ್ನು ಪ್ರತಿಫಲಿತ ಬಿರುಕು ಎಂದು ಕರೆಯುತ್ತಾರೆ.

ಇದಕ್ಕೆ ಕಾರಣವೇನು? ಹಳೆಯ ಪದರವು ಹಗಲಿನ ಬಿಸಿಲಿಗೆ ಹಿಗ್ಗುವುದು, ಇರುಳಿನ ತಂಪಿಗೆ ಕುಗ್ಗುವುದು. ಆಗ ಬಿರುಕಿನ ಎರಡು ಅಂಚುಗಳೂ ಕೂಡುತ್ತ ಅಗಲುತ್ತ ಇರುವುವು. ಲಾರಿಯ ಗಾಲಿ ದಾಟುವಾಗ ಮೊದಲು ಒಂದು ಅಂಚು, ಬಳಿಕ ಇನ್ನೊಂದು ಅಂಚು ಕೆಳಕ್ಕೆ ಬಾಗುವುದು. ಈ ಚಲನೆಯ ಎಳೆತವೆಲ್ಲವೂ ಹೊಸ ಪದರದ ಒಂದು ಕಿರಿದಾದ ಗೆರೆಯಲ್ಲಿ ಕೇಂದ್ರೀಕರಿಸುವುದರಿಂದ ಅಲ್ಲಿ ಸೀಳು ಹುಟ್ಟಿ ಮೇಲಕ್ಕೇರುವುದು. ಅದರೊಳಕ್ಕೆ ಮಳೆಯ ನೀರು ಇಳಿಯುವುದು, ಅಡಿಪಾಯ ಸಡಿಲಾಗುವುದು. ಕಡೆಗೆ ಗುಂಡಿ ಬೀಳುವುದು.

ಈ ಎಳೆತವನ್ನು ತಡೆಯಲು ಬಟ್ಟೆಯನ್ನು ಬಳಸುವ ಯೋಚನೆ ಹೊಸದೇನಲ್ಲ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1926ರಷ್ಟು ಹಿಂದೆಯೇ ಮಣ್ಣಿನ ಅಡಿಪಾಯದ ಮೇಲೆ ದಪ್ಪನೆಯ ಹತ್ತಿಬಟ್ಟೆಯನ್ನು ಹಾಸಿ, ಅದರ ಮೇಲೆ ಬಿಸಿ ಡಾಂಬರನ್ನು ಸುರಿದು ಪ್ರಯೋಗ ನಡೆಸಿದರು. ಬಟ್ಟೆಯು ಜೀರ್ಣವಾಗುವವರೆಗೂ ಬಿರುಕುಗಳು ಕಡಮೆಯಾಗಿದ್ದುವೆಂದು 1935ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಇಂದು ಹತ್ತಿಯ ಸ್ಥಾನದಲ್ಲಿ ಕೃತಕ ನಾರಿನ ಬಟ್ಟೆ, ಗಾಜಿನ ನಾರಿನ ಬಲೆ, ಉಕ್ಕಿನ ತಂತಿಯ ಬಲೆಗಳಿವೆ. ಇವನ್ನು ಹಳೆಯ ಪದರಕ್ಕೂ ಹೊಸ ಪದರಕ್ಕೂ ನಡುವೆ ಹಾಸುತ್ತಾರೆ. ಡಾಂಬರನ್ನು ಹೀರಿಕೊಂಡ ಬಟ್ಟೆಯು ಮೆತ್ತೆಯಂತಿದ್ದು ಎಳೆತವನ್ನು ತಗ್ಗಿಸುವುದಲ್ಲದೆ ನೀರನ್ನೂ ತಡೆಯುವುದು. ಬಿಗಿಯಾದ ಬಲೆಯಾದರೋ ಎಳೆತವನ್ನು ತಾನೇ ಹೊತ್ತು ಅಗಲಕ್ಕೆ ಹಂಚುವುದು.

ಹಾಗೆಂದು ಬಲೆಯೇ ಸರ್ವರೋಗಕ್ಕೂ ಮದ್ದೆಂದು ನಂಬುವುದು ಸರಿಯಲ್ಲ. ಬಲೆಯು ಅಡ್ಡಲಾಗಿ ಬರುವ ಎಳೆತವನ್ನು ತಡೆಯಬಲ್ಲುದೇ ಹೊರತು, ಅಡಿಪಾಯವೇ ಕುಸಿದು ಅಂಚುಗಳು ಮೇಲೆ ಕೆಳಗೆ ಆಡುತ್ತಿದ್ದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಧಾರವಾಡ, ವಿಜಯಪುರ, ಕಲಬುರಗಿಗಳ ಎರೆಭೂಮಿಯು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದನ್ನು ನಾವೆಲ್ಲ ಬಲ್ಲೆವು. ಅಂತಹ ನೆಲವನ್ನು ಹದಗೊಳಿಸದೆ ಮೇಲೊಂದು ಬಲೆ ಹಾಸಿದರೆ, ಅದು ಮೇಲೆಲ್ಲ ಥಳಕು ಒಳಗೆಲ್ಲ ಹುಳುಕು ಎಂಬಂತಾದೀತು. ಬಲೆ ಮುದುರಿದರೂ, ಅಂಟುವ ಡಾಂಬರು ಸಾಲದಾದರೂ ಪದರಗಳು ಬೇರ್ಪಟ್ಟು, ಮಾಡಿದ ಉಪಾಯವೇ ಅಪಾಯವಾಗುವುದು.

ಆದುದರಿಂದ ಮೊದಲು ಚರಂಡಿ, ಬಳಿಕ ಅಡಿಪಾಯ, ಆಮೇಲೆ ಹಳೆಯ ಬಿರುಕುಗಳ ಭರ್ತಿ, ಕಡೆಗೆ ಬಲೆ: ಇದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ಇದರೊಡನೆ ಇನ್ನೊಂದು ಕೆಲಸವೂ ಆಗಬೇಕು. ಬಲೆ ಹಾಸುವ ಪ್ರತಿಯೊಂದು ರಸ್ತೆಯಲ್ಲಿಯೂ ಬಲೆಯಿಲ್ಲದ ಒಂದು ತುಂಡನ್ನು ಉಳಿಸಿ, ಹಳೆಯ ಬಿರುಕುಗಳ ನಕ್ಷೆಯನ್ನು ಬರೆದಿಟ್ಟು, ವರ್ಷವರ್ಷವೂ ಎರಡನ್ನೂ ಹೋಲಿಸಿ ಫಲಿತಾಂಶವನ್ನು ಜನರ ಮುಂದಿಡಬೇಕು. ಪ್ರಯೋಗಶಾಲೆಯಲ್ಲಿ ಹೋಲಿಕೆಯಿಲ್ಲದ ಪ್ರಯೋಗವನ್ನು ವಿದ್ಯಾರ್ಥಿಗಳಾದ ನೀವು ಒಪ್ಪುವುದಿಲ್ಲ. ಜನರ ತೆರಿಗೆಯ ಹಣ ಸುರಿಯುವ, ಗುಂಡಿಯೊಂದು ಬೈಸಿಕಲ್ ಸವಾರನ ಪ್ರಾಣವನ್ನೇ ತೆಗೆಯಬಲ್ಲ ರಸ್ತೆಯಲ್ಲಿ ಮಾತ್ರ ಅದನ್ನು ಏಕೆ ಒಪ್ಪಬೇಕು?