ಬ್ರೌಸರಿಗೂ ಬೇಕು ಕಾಲಕಾಲದ ದುರಸ್ತಿ

ಹಳೆಯ ಗಣಕಕ್ಕೆ ಲಿನಕ್ಸ್ ಹಾಕಿಸಿಕೊಂಡು, ಇನ್ನು ವೈರಸ್ಸಿನ ಭಯವಿಲ್ಲವೆಂದು ನಿಶ್ಚಿಂತರಾಗಿ ಬ್ಯಾಂಕಿನ ವ್ಯವಹಾರ ನಡೆಸುವ ಕನ್ನಡ ಬಾಂಧವರು ಚಾಕಣದಂತಹ ಕೈಗಾರಿಕಾ ಊರುಗಳಲ್ಲಿಯೂ ಇರಬಹುದು. ಈ ನಿಶ್ಚಿಂತೆ ಅರ್ಧಸತ್ಯವನ್ನು ಅವಲಂಬಿಸಿದುದು.

ಪುಣೆಯಲ್ಲಿ ಕೇಂದ್ರ ಕಾರ್ಯಾಲಯವಿರುವ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರದ ಮೇಲೆ 'ಬಾಸ್' ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸಿತು. ಅದು ಕನ್ನಡವನ್ನೂ ಬಲ್ಲದು. ಅಭಿಮಾನಪಡತಕ್ಕ ವಿಷಯವೇ ಸರಿ. ಆದರೆ ಇಂತಹ ವಿರಳ ಬಳಕೆಯ ವ್ಯವಸ್ಥೆಗಳಲ್ಲಿ ಬ್ರೌಸರಿನ ತಿದ್ದುಪಡಿಯು ಸಾಮಾನ್ಯವಾಗಿ ಮೂಲ ತಯಾರಕರಿಂದ ನೇರವಾಗಿ ಬಾರದೆ, ಆಯಾ ವ್ಯವಸ್ಥೆಯ ತಂತ್ರಾಂಶ ಭಂಡಾರದ ಮೂಲಕ ಬರುತ್ತದೆ. ಫೈರ್‌ಫಾಕ್ಸ್ ಸುಮಾರು ನಾಲ್ಕು ವಾರಗಳಿಗೊಮ್ಮೆ ಹೊಸ ಆವೃತ್ತಿಯನ್ನು ಹೊರಡಿಸುತ್ತದೆ. ಮುಚ್ಚಲಾದ ಬಿರುಕುಗಳ ಪಟ್ಟಿಯೂ ಜೊತೆಯಲ್ಲಿಯೇ ಪ್ರಕಟವಾಗುತ್ತದೆ. ಆ ಪಟ್ಟಿಯನ್ನು ಕಳ್ಳನೂ ಓದುತ್ತಾನೆ! ಭಂಡಾರವು ತಡಮಾಡಿದಷ್ಟು ದಿನವೂ ಬಾಗಿಲು ತೆರೆದಂತೆಯೇ. 1660ರಲ್ಲಿ ಚಾಕಣದ ಸಂಗ್ರಾಮದುರ್ಗವು ಶಾಯಿಸ್ತಾಖಾನನ ವಶವಾದದ್ದು ಒಂದು ಬುರುಜು ಸಿಡಿದ ಬಳಿಕ. ಉಳಿದ ಗೋಡೆಗಳ ಗಟ್ಟಿತನ ಪ್ರಯೋಜನಕ್ಕೆ ಬರಲಿಲ್ಲ.

ಆದುದರಿಂದ ವ್ಯವಸ್ಥೆಯನ್ನು ಆರಿಸುವ ಮೊದಲು, ಅದರ ಭಂಡಾರಕ್ಕೆ ಬ್ರೌಸರಿನ ಹೊಸ ಆವೃತ್ತಿ ಎಷ್ಟು ದಿನಗಳಲ್ಲಿ ತಲಪುತ್ತದೆಂದು ವಿಚಾರಿಸುವುದು ಯುಕ್ತ. ವಾರಕ್ಕೊಮ್ಮೆ ತಿದ್ದುಪಡಿಗಳನ್ನು ಪಡೆದು ಬ್ರೌಸರನ್ನು ಮುಚ್ಚಿ ತೆರೆಯಬೇಕು. ತೆರೆದೇ ಇಟ್ಟ ಬ್ರೌಸರಿನಲ್ಲಿ ಹಳೆಯ ಆವೃತ್ತಿಯೇ ಓಡುತ್ತಿರುತ್ತದೆ. ತಿದ್ದುಪಡಿ ನಿಂತೇಹೋಗಿರುವ ಗಣಕವನ್ನು ಮಕ್ಕಳ ಬೆರಳಚ್ಚಿನ ಅಭ್ಯಾಸಕ್ಕೆ ಬಿಟ್ಟು, ಹಣದ ಕೆಲಸಕ್ಕೆ ಶಾಖೆಯ ಸಾಲಿನಲ್ಲಿ ನಿಂತರೂ ನಷ್ಟವಿಲ್ಲ.