‘ನಂಬರ್ ಒನ್ ಕೊರಿಯರ್’ ಪಟ್ಟಿ ನಂಬಬಹುದೇ? ದಂಡಿಗನಹಳ್ಳಿಯಿಂದ ಹೊರಡುವ ಪಾರ್ಸೆಲ್‌ನ ಲೆಕ್ಕಾಚಾರ

ಸಣ್ಣ ವ್ಯಾಪಾರಿಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಮೆಸೇಜು ಆಗಾಗ ಸುತ್ತುತ್ತಿರುತ್ತದೆ. ಯಾವ ಕೊರಿಯರ್ ನಂಬರ್ ಒನ್, ಯಾವುದರ ಹತ್ತಿರ ಸುಳಿಯಲೇಬಾರದು ಎಂಬ ಪಟ್ಟಿ. ಜೊತೆಗೆ ಸ್ಟಾರುಗಳು, ಕೊನೆಗೆ ‘ಎಲ್ಲರಿಗೂ ಶೇರ್ ಮಾಡಿ’. ಇದರಲ್ಲಿ ನಿಜ ಎಷ್ಟು?

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಲ್ಲಿ ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಬೆಂಗಳೂರು, ಮಂಗಳೂರು, ಮುಂಬಯಿಗೆ ಕಳಿಸುವ ಒಬ್ಬ ಮಹಿಳೆ ಇದ್ದಾರೆ ಎಂದುಕೊಳ್ಳೋಣ. 600 ರೂಪಾಯಿಯ ಒಂದು ಪಾರ್ಸೆಲ್‌ನಲ್ಲಿ ಅವರಿಗೆ ಉಳಿಯುವುದು 60 ರೂಪಾಯಿ. ಒಂದು ಪಾರ್ಸೆಲ್ ಕಳೆದುಹೋಗಿ ಗಿರಾಕಿಗೆ ದುಡ್ಡು ವಾಪಸ್ ಕೊಟ್ಟರೆ ಕೈಯಿಂದ ಹೋಗುವುದು 540. ಅದನ್ನು ತುಂಬಿಕೊಳ್ಳಲು ಇನ್ನೂ ಒಂಬತ್ತು ಪಾರ್ಸೆಲ್ ಸರಿಯಾಗಿ ತಲುಪಬೇಕು. ಹಾಗಾಗಿ ಇಂಥವರಿಗೆ ಆ ಪಟ್ಟಿ ಬರೀ ಟೈಮ್‌ಪಾಸ್ ವಿಷಯವಲ್ಲ.

‘ಐದು ಸಲ ಕಳಿಸಿದ್ದೀನಿ, ಏನೂ ತೊಂದರೆ ಇಲ್ಲ’

ಮೊದಲು ಸ್ಟಾರುಗಳ ಹಿಂದಿನ ಗಣಿತ ನೋಡೋಣ. ಒಬ್ಬರು ಐದು ಪಾರ್ಸೆಲ್ ಕಳಿಸಿದರು, ಐದೂ ತಲುಪಿದವು. ಕೊರಿಯರ್ ಸೂಪರ್ ಎನ್ನುತ್ತಾರೆ. ಸಂಖ್ಯಾಶಾಸ್ತ್ರ ಇಷ್ಟು ಬೇಗ ಒಪ್ಪುವುದಿಲ್ಲ. ನೂರಕ್ಕೆ 45 ಪಾರ್ಸೆಲ್ ಕೆಡಿಸುವ ಕಂಪನಿ ಕೂಡ ಅದೃಷ್ಟವಿದ್ದರೆ ಐದಕ್ಕೆ ಐದನ್ನೂ ತಲುಪಿಸಬಹುದು. ಹಾಗಾಗುವ ಸಾಧ್ಯತೆ ಸುಮಾರು ಶೇ. 5. ಇದಕ್ಕೊಂದು ಸುಲಭ ಸೂತ್ರವಿದೆ. ತೊಂದರೆಯಿಲ್ಲದೆ ಹೋದ ಪಾರ್ಸೆಲ್‌ಗಳ ಸಂಖ್ಯೆಯಿಂದ 3ನ್ನು ಭಾಗಿಸಿ. 30 ಪಾರ್ಸೆಲ್ ಸರಿಯಾಗಿ ಹೋಗಿದ್ದರೆ, ಕೆಡುವ ಪ್ರಮಾಣ ನೂರಕ್ಕೆ 10ಕ್ಕಿಂತ ಹೆಚ್ಚಿಲ್ಲ ಎಂದು ತಕ್ಕಮಟ್ಟಿಗೆ ಧೈರ್ಯವಾಗಿ ಹೇಳಬಹುದು. ನೂರು ಹೋಗಿದ್ದರೆ ನೂರಕ್ಕೆ 3. ಇದು ಸ್ಥೂಲ ಲೆಕ್ಕ, ತೀರಾ ಕಡಿಮೆ ಸಂಖ್ಯೆಗೆ ಹೊಂದುವುದಿಲ್ಲ. ಆದರೆ ಗುಂಪಿನಲ್ಲಿ ಯಾರೋ ಹೊಗಳಿದಾಗ ‘ಎಷ್ಟು ಪಾರ್ಸೆಲ್ ಕಳಿಸಿದ್ದೀರಿ?’ ಎಂದು ಕೇಳಲು ಇಷ್ಟು ಸಾಕು. ಬೈಯುವವರಿಗೂ ಅದೇ ಪ್ರಶ್ನೆ.

ಇನ್ನೊಂದು ಪ್ರಶ್ನೆಯೂ ಉಂಟು: ‘ಎಲ್ಲಿಂದ ಎಲ್ಲಿಗೆ?’ ನಮ್ಮ ಪ್ರಕಾರ ಇದೇ ಮುಖ್ಯ. ಕೊರಿಯರ್ ಎಂದರೆ ಒಂದೇ ಕೈಯಲ್ಲ. ಬೆಂಗಳೂರಿನಲ್ಲಿ 1990ರಲ್ಲಿ ಶುರುವಾದ ಡಿಟಿಡಿಸಿ ಬೆಳೆದದ್ದೇ ಫ್ರಾಂಚೈಸಿ ಪದ್ಧತಿಯಲ್ಲಿ. ಅಂದರೆ ಬೋರ್ಡು ಕಂಪನಿಯದು, ಅಂಗಡಿ ಊರಿನವರದು. ಹಲವು ಕಂಪನಿಗಳು ನಡೆಯುವುದು ಹೀಗೆಯೇ. ಬುಕಿಂಗ್ ಅಂಗಡಿ, ಹಬ್, ಲಾರಿ, ಇನ್ನೊಂದು ಹಬ್, ಕೊನೆಗೆ ಬೈಕಿನಲ್ಲಿ ಬರುವ ಹುಡುಗ. ಹಬ್‌ನಿಂದ ಹಬ್‌ಗೆ ದೊಡ್ಡ ಕಂಪನಿಗಳ ನಡುವೆ ಅಂಥ ವ್ಯತ್ಯಾಸ ಇರುವುದಿಲ್ಲ. ಎಡವಟ್ಟಾಗುವುದು ಬಹುಪಾಲು ಕೊನೆಯ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ. ಹೀಗಾಗಿ ಜಯನಗರದಲ್ಲಿ ಚಿನ್ನದಂಥ ಕೊರಿಯರ್ ಅರಕಲಗೂಡಿನ ಒಳಹಳ್ಳಿಗೆ ಬರುವಾಗ ‘ಪಟ್ಟಣಕ್ಕೆ ಬಂದು ತಗೊಂಡು ಹೋಗಿ’ ಎಂದು ಫೋನ್ ಮಾಡಬಹುದು.

ಇಲ್ಲಿ ಪಿನ್‌ಕೋಡ್ ಉಪಯೋಗಕ್ಕೆ ಬರುತ್ತದೆ. 1972ರ ಆಗಸ್ಟ್ 15ರಂದು ಬಂದ ಈ ಆರು ಅಂಕಿಗಳಲ್ಲಿ ಮೊದಲ ಮೂರು ವಿಂಗಡಣೆಯ ಜಿಲ್ಲೆಯನ್ನು, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನು ಹೇಳುತ್ತವೆ. 573 ಎಂದರೆ ಹಾಸನದ ಕಡೆ, 573116 ಎಂದರೆ ಚನ್ನರಾಯಪಟ್ಟಣ. ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಗಿರಾಕಿಯ ಪಿನ್‌ಕೋಡ್ ಹಾಕಿದರೆ ‘ಸೇವೆ ಇದೆ’ ಎಂದು ಬರಬಹುದು. ಅಷ್ಟಕ್ಕೇ ನಿಲ್ಲಬೇಡಿ, ಮನೆಬಾಗಿಲಿಗೆ ತರುತ್ತಾರೋ, ವಾರಕ್ಕೆ ಎಷ್ಟು ದಿನ ತರುತ್ತಾರೋ ಎಂದು ಬುಕಿಂಗ್ ಅಂಗಡಿಯಲ್ಲಿ ಕೇಳಿ. ಒಂದು ಪುಸ್ತಕದಲ್ಲಿ ಪಿನ್‌ಕೋಡ್, ಕಳಿಸಿದ ದಿನ, ಗಿರಾಕಿಯ ಕೈಸೇರಿದ ದಿನ ಬರೆದಿಡಿ. ‘ಡೆಲಿವರ್ಡ್’ ಎಂದು ಟ್ರ್ಯಾಕಿಂಗ್ ತೋರಿಸಿದ ದಿನವಲ್ಲ, ಗಿರಾಕಿ ‘ಬಂತು’ ಎಂದ ದಿನ. ಮೂರು ತಿಂಗಳಲ್ಲಿ ನಿಮ್ಮದೇ ಪಟ್ಟಿ ಸಿದ್ಧವಾಗುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಮಂಗಳೂರಿನ ಪಾರ್ಸೆಲ್ ತಡವಾದರೆ ಅದನ್ನು ಕೊರಿಯರ್ ತಲೆಗೆ ಕಟ್ಟಬೇಡಿ.

ಎಲ್ಲರೂ ತಾತ್ಸಾರ ಮಾಡುವ ಅಂಚೆಯ ಬಲ ಇರುವುದು ಈ ಕೊನೆಯ ದಾರಿಯಲ್ಲೇ. ದೇಶದ 1.64 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಸುಮಾರು ಶೇ. 90 ಇರುವುದು ಹಳ್ಳಿಗಳಲ್ಲಿ. ‘ರಿಜಿಸ್ಟರ್ ಪೋಸ್ಟ್ ಬಂದ್ ಆಯ್ತು’ ಎಂಬ ಮೆಸೇಜು ಅರ್ಧ ಸತ್ಯ. 2025ರ ಸೆಪ್ಟೆಂಬರ್ 1ರಿಂದ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಲಾಗಿದೆ. ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ಗೆ 5 ರೂಪಾಯಿ ಮತ್ತು ಜಿಎಸ್‌ಟಿ ಹೆಚ್ಚು ಕೊಟ್ಟರೆ ರಿಜಿಸ್ಟ್ರೇಷನ್, ಅಷ್ಟೇ ಕೊಟ್ಟರೆ ಒಟಿಪಿ ಹೇಳಿದವರಿಗೆ ಮಾತ್ರ ಬಟವಾಡೆ. ‘ನನಗೆ ಬಂದೇ ಇಲ್ಲ’ ಎಂಬ ಜಗಳಕ್ಕೆ ಈ ಒಟಿಪಿ ಒಳ್ಳೆಯ ಮದ್ದು. ಬಸ್‌ ನಿಲ್ದಾಣದಿಂದ ಬಸ್‌ ನಿಲ್ದಾಣಕ್ಕೆ ಸಾಕು ಎನ್ನುವವರಿಗೆ 2021ರಲ್ಲಿ ಶುರುವಾದ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಇದೆ. ಮೂಟೆ, ದೊಡ್ಡ ಪೆಟ್ಟಿಗೆಗಳಿಗೆ ಟ್ರಾನ್ಸ್‌ಪೋರ್ಟ್ ಕಂಪನಿಗಳೇ ಅಗ್ಗ.

ಕೊಬ್ಬರಿ ಯಾಕೆ ವಿಮಾನ ಹತ್ತುವುದಿಲ್ಲ?

ತಿಪಟೂರು, ಅರಸೀಕೆರೆ, ಚನ್ನರಾಯಪಟ್ಟಣದವರಿಗೆ ಇದು ಗೊತ್ತಿರಲೇಬೇಕು. ಒಣಕೊಬ್ಬರಿ ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಸಂಖ್ಯೆ 1363, ವರ್ಗ 4.2. ಅಂದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲ ವಸ್ತು. ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು. ತೇವ ಉಳಿದಿದ್ದರೆ ಸೂಕ್ಷ್ಮಜೀವಿಗಳೂ ಗಾಳಿಯ ಆಮ್ಲಜನಕವೂ ಸೇರಿ ರಾಶಿಯೊಳಗೆ ಶಾಖ ಹುಟ್ಟಿಸುತ್ತವೆ, ಗಾಳಿಯಾಡದ ಕಡೆ ಆ ಶಾಖ ಹೊರಹೋಗದೆ ಏರುತ್ತದೆ. ಅಟ್ಟದ ಮೇಲಿನ ನಾಲ್ಕು ಕೊಬ್ಬರಿಗೆ ಬೆಂಕಿ ಬೀಳುತ್ತದೆ ಎಂದು ಇದರ ಅರ್ಥವಲ್ಲ. ಆದರೆ ವಿಮಾನದ ವಿಷಯದಲ್ಲಿ ಆ ಅಪಾಯಕ್ಕೆ ಯಾರೂ ಒಪ್ಪುವುದಿಲ್ಲ. ಆದ್ದರಿಂದ ದೆಹಲಿಗೆ ‘ಎಕ್ಸ್‌ಪ್ರೆಸ್’ ದರ ಕೊಟ್ಟು ಕೊಬ್ಬರಿ ಕಳಿಸಿದರೆ ತಪಾಸಣೆಯಲ್ಲಿ ತಡೆಯಬಹುದು. ಬುಕ್ ಮಾಡುವಾಗಲೇ ಒಳಗೇನಿದೆ ಎಂದು ನಿಜ ಹೇಳಿ, ರಸ್ತೆಯ ಮೂಲಕ ಹೋಗುವ ಸೇವೆ ಕೇಳಿ. ‘ಬಟ್ಟೆ ಅಂತ ಬರೀರಿ’ ಎಂದು ಸಲಹೆ ಕೊಡುವ ಅಂಗಡಿಯವರನ್ನು ಬಿಡುವುದೇ ವಾಸಿ. ನಾಳೆ ಪಾರ್ಸೆಲ್ ಕಳೆದರೆ ಆ ಸುಳ್ಳೇ ನಿಮಗೆ ತಿರುಗುತ್ತದೆ.

ಹಪ್ಪಳದವರ ಸಮಸ್ಯೆ ಬೇರೆ. ತೂಕ ಕಮ್ಮಿ, ಜಾಗ ಜಾಸ್ತಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ‘ಗಾತ್ರದ ತೂಕ’ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದುಡ್ಡು. 3 ಕಿಲೋ ಹಪ್ಪಳವನ್ನು 40×30×30ರ ಪೆಟ್ಟಿಗೆಯಲ್ಲಿ ಹಾಕಿದರೆ 7.2 ಕಿಲೋ ಲೆಕ್ಕ. ಅದನ್ನೇ 30×20×20ರಲ್ಲಿ ಕೂರಿಸಿದರೆ 2.4, ಆಗ ನಿಜವಾದ 3 ಕಿಲೋಗೆ ಕೊಟ್ಟರೆ ಆಯಿತು. ಎರಡು ಕೊರಿಯರ್‌ಗಳ ದರ ಹೋಲಿಸುವ ಮುಂಚೆ ಪೆಟ್ಟಿಗೆ ಬದಲಿಸಿ ನೋಡಿ.

‘ಫ್ರಜೈಲ್’ ಸ್ಟಿಕ್ಕರ್ ಅಂಟಿಸಿದರೆ ಒಡೆಯುವುದಿಲ್ಲ ಎಂಬುದೂ ಒಂದು ನಂಬಿಕೆ. ಸ್ಟಿಕ್ಕರ್ ಓದುವುದು ಮನುಷ್ಯ, ಬೀಳಿಸುವುದು ಅವಸರ. 1 ಮೀಟರ್ ಎತ್ತರದಿಂದ ಬಿದ್ದ ಬಾಟಲಿ ಕಾಪಾಡುವವರಿಲ್ಲದೆ 2 ಮಿಲಿಮೀಟರಿನಲ್ಲಿ ನಿಂತರೆ ಅದರ ಮೇಲೆ ಗುರುತ್ವದ ಸುಮಾರು 500 ಪಟ್ಟು ಹೊಡೆತ. ಅದೇ 2 ಸೆಂಟಿಮೀಟರ್ ಕುಗ್ಗುವ ಮೆತ್ತೆಯಿದ್ದರೆ ಸುಮಾರು 50 ಪಟ್ಟು. ಮಳೆಗಾಲದಲ್ಲಿ ರಟ್ಟಿನ ಪೆಟ್ಟಿಗೆ ಗಾಳಿಯ ತೇವ ಹೀರಿ ಅರ್ಧದಷ್ಟು ಬಲ ಕಳೆದುಕೊಳ್ಳಬಹುದು, ಹಾಗಾಗಿ ಜೂನ್‌ನಿಂದ ದಪ್ಪ ಪೆಟ್ಟಿಗೆ ಬಳಸಿ.

ರಸೀದಿಯ ಹಿಂಬದಿ

ಯಾರೂ ಓದದ ಆ ಸಣ್ಣ ಅಕ್ಷರಗಳಿಗೆ ಬೆಲೆಯಿದೆ. ಭಾರತಿ ನಿಟ್ಟಿಂಗ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಸಹಿ ಮಾಡಿದ ರಸೀದಿಯಲ್ಲಿ 100 ಡಾಲರ್ ಮಿತಿ ಇದ್ದುದರಿಂದ ಅಷ್ಟೇ ಸಿಗುತ್ತದೆ ಎಂದಿತು. 2007ರ ರಸ್ತೆ ಸಾಗಣೆ ಕಾಯ್ದೆಯು ಕೊರಿಯರ್ ಏಜೆನ್ಸಿಗಳನ್ನೂ ಸಾಗಣೆದಾರರೆಂದೇ ಪರಿಗಣಿಸುತ್ತದೆ. ಬೆಲೆ ಘೋಷಿಸಿ ಹೆಚ್ಚು ಹಣ ಕಟ್ಟದಿದ್ದರೆ ಅದರ ನಿಯಮದ ಪ್ರಕಾರ ಹೊಣೆ ಸಾಗಣೆ ದರದ ಹತ್ತು ಪಟ್ಟಿಗೆ ಸೀಮಿತ. ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಅಂಚೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಸ್ಪೀಡ್ ಪೋಸ್ಟ್ ಕಳೆದರೆ ಕಟ್ಟಿದ ದರದ ಎರಡು ಪಟ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. ಅಂದರೆ 90 ರೂಪಾಯಿಯ ಪಾರ್ಸೆಲ್‌ಗೆ 180. ಹಳ್ಳಿಗೆ ಹೋಗುವ 400 ರೂಪಾಯಿಯ ಚಟ್ನಿಪುಡಿಗೆ ಅಂಚೆಯೇ ಸರಿ, 8000 ರೂಪಾಯಿಯ ಸೀರೆಗೆ ವಿಮೆಯಿಲ್ಲದೆ ಯಾವುದೂ ಸರಿಯಲ್ಲ ಎಂದು ನಾವು ಹೇಳುವುದು ಈ ಲೆಕ್ಕದಿಂದಲೇ.

ರಸೀದಿಯಲ್ಲಿ ‘ಮುಂಬಯಿ ನ್ಯಾಯವ್ಯಾಪ್ತಿ ಮಾತ್ರ’ ಎಂದಿದ್ದರೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ. ವ್ಯಾಪಾರಕ್ಕಾಗಿ ಪಡೆದ ಸೇವೆಗೆ ಈ ಕಾಯ್ದೆ ಇಲ್ಲವಾದರೂ, ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗ ಮಾಡುವವರಿಗೆ ವಿನಾಯಿತಿ ಇದೆ. ಮೊದಲು 1915ಕ್ಕೆ ಕರೆ ಮಾಡಿ ನೋಡಿ.

ಪಾರ್ಸೆಲ್ ತಡವಾದಾಗ ಗಾಬರಿಯಲ್ಲಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುವವರಿಗಾಗಿ ಕಳ್ಳರು ಕಾದಿರುತ್ತಾರೆ. ನಂಬರನ್ನು ರಸೀದಿಯಿಂದಲೇ ತೆಗೆದುಕೊಳ್ಳಿ. ‘ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ’ ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಬರುವ ಎಸ್‌ಎಂಎಸ್ ಸುಳ್ಳು ಎಂದು ಕೇಂದ್ರದ ಪಿಐಬಿ ಫ್ಯಾಕ್ಟ್ ಚೆಕ್ ಹೇಳಿದೆ. *401* ಸೇರಿಸಿ ಒಂದು ನಂಬರಿಗೆ ಡಯಲ್ ಮಾಡಿ ಎಂದರೆ ಮಾಡಬೇಡಿ, ನಿಮ್ಮ ಕರೆಗಳು, ಅದರಲ್ಲಿ ಬರುವ ಒಟಿಪಿಗಳು ಅವರ ಫೋನಿಗೆ ಹೋಗುತ್ತವೆ. ಈಗಾಗಲೇ ಮಾಡಿದ್ದರೆ ##002# ಡಯಲ್ ಮಾಡಿ ರದ್ದುಮಾಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.